ಹಿಂದಿನ ಸೋವಿಯತ್ ನಾಡುಗಳ ಕರೆಂಟು ಮತ್ತು ವಿದೇಶಿ ಕಂಪನಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸೋವಿಯತ್ ಒಕ್ಕೂಟ 1991ರ ಡಿಸೆಂಬರ್‌ನಲ್ಲಿ ವಿಸರ್ಜನೆಯಾಯಿತು. ಅದಾಗಿ ಹತ್ತು ವರ್ಷ ಕಳೆಯುವಷ್ಟರಲ್ಲಿ ಅದರಿಂದ ಬೇರೆಯಾದ ಹಲವು ದೇಶಗಳು ತಮ್ಮ ವಿದ್ಯುತ್ ಸ್ಥಾವರಗಳನ್ನೂ ವಿತರಣಾ ಜಾಲಗಳನ್ನೂ ಹೊರದೇಶದ ಕಂಪನಿಗಳಿಗೆ ಮಾರಿದವು, ಇಲ್ಲವೇ ನಡೆಸಲು ಒಪ್ಪಿಸಿದವು. ಈ ವಿಷಯದಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಜಾರ್ಜಿಯಾದ ರಾಜಧಾನಿ ಟಿಬಿಲಿಸಿಯ ಕಥೆಗೆ ಹೆಚ್ಚಿನ ಜಾಗ ಕೊಟ್ಟಿದ್ದೇನೆ. ಮೀಟರು, ಬಾಕಿ, ದರ, ಅನಿಲ, ಭ್ರಷ್ಟಾಚಾರ ಎಲ್ಲವೂ ಒಂದೇ ಊರಿನಲ್ಲಿ, ಐದೇ ವರ್ಷಗಳಲ್ಲಿ ಒಟ್ಟಿಗೆ ಎದುರಾದದ್ದು ಅಲ್ಲಿ.

ಸೋವಿಯತ್ ಕಾಲದಲ್ಲಿ ಚೆನ್ನಾಗಿಯೇ ಇದ್ದ ವಿದ್ಯುತ್ ವ್ಯವಸ್ಥೆ ಇದ್ದಕ್ಕಿದ್ದಂತೆ ಕುಸಿದದ್ದು ಏಕೆ?

ಆ ವ್ಯವಸ್ಥೆಯನ್ನು ಹದಿನೈದು ಬೇರೆ ಬೇರೆ ದೇಶಗಳಿಗಾಗಿ ಕಟ್ಟಿರಲಿಲ್ಲ. ಒಂದು ಗಣರಾಜ್ಯದ ಅನಿಲದಿಂದ ಇನ್ನೊಂದರ ಸ್ಥಾವರ ನಡೆಯುತ್ತಿತ್ತು, ಅಲ್ಲಿ ಹುಟ್ಟಿದ ವಿದ್ಯುತ್ತು ಮೂರನೆಯದರ ಕಾರ್ಖಾನೆಗೆ ಹೋಗುತ್ತಿತ್ತು, ಲೆಕ್ಕವೆಲ್ಲ ಮಾಸ್ಕೋದಲ್ಲಿ ಹೊಂದಾಣಿಕೆಯಾಗುತ್ತಿತ್ತು. ಗಣರಾಜ್ಯಗಳ ನಡುವೆ ಗಡಿಗಳು ಎದ್ದ ದಿನದಿಂದ ಇಂಧನಕ್ಕೆ ಡಾಲರಿನಲ್ಲಿ ಹಣ ಕೊಡಬೇಕಾಯಿತು. ಮನೆಯವರಾದರೋ ಕರೆಂಟಿಗೆ ನಾಮಮಾತ್ರದ ಬೆಲೆ ಕೊಟ್ಟು ಅಭ್ಯಾಸವಾದವರು. ಅದನ್ನು ಸರಕಿಗಿಂತ ಹೆಚ್ಚಾಗಿ ಸರ್ಕಾರ ಒದಗಿಸುವ ಸೌಕರ್ಯವೆಂದೇ ತಿಳಿದಿದ್ದರು, ಹಾಗೆ ತಿಳಿದದ್ದರಲ್ಲಿ ತಪ್ಪೇನೂ ಇರಲಿಲ್ಲ.

ಜಾರ್ಜಿಯಾದಲ್ಲಿ ಇದರ ಮೇಲೆ ಯುದ್ಧವೂ ಬಂದೆರಗಿತು. ದೇಶದ ಅತಿ ದೊಡ್ಡ ಜಲವಿದ್ಯುತ್ ಯೋಜನೆ ಎಂಗುರಿಯ ಸಾಮರ್ಥ್ಯ 1,300 ಮೆಗಾವ್ಯಾಟ್. 271.5 ಮೀಟರ್ ಎತ್ತರದ ಅದರ ಅಣೆಕಟ್ಟು ಜಾರ್ಜಿಯಾ ಸರ್ಕಾರದ ಹಿಡಿತದಲ್ಲಿ ಉಳಿಯಿತು, ವಿದ್ಯುದಾಗಾರ ಮಾತ್ರ ಬೇರ್ಪಟ್ಟ ಅಬ್ಖಾಜಿಯಾದ ಕಡೆ ಉಳಿದುಹೋಯಿತು. ಅಬ್ಖಾಜಿಯಾ ಬಳಸಿದ ವಿದ್ಯುತ್ತಿಗೆ ಹಣ ಬರಲಿಲ್ಲ. ಹಾಗೆಂದು ಇಬ್ಬರಲ್ಲಿ ಯಾರೂ ಯಂತ್ರ ನಿಲ್ಲಿಸುವಂತೆಯೂ ಇರಲಿಲ್ಲ.

1990ರ ದಶಕದ ಟಿಬಿಲಿಸಿಯಲ್ಲಿ ನಿಜವಾಗಿ ಎಷ್ಟು ಹೊತ್ತು ಕರೆಂಟು ಇರುತ್ತಿತ್ತು?

ಕೆಟ್ಟ ಚಳಿಗಾಲಗಳಲ್ಲಿ ದಿನಕ್ಕೆ ಕೆಲವೇ ಗಂಟೆ, ಕೆಲವು ಬಡಾವಣೆಗಳಲ್ಲಿ ಅದೂ ಇಲ್ಲ. ಹತ್ತು ಲಕ್ಷಕ್ಕೂ ಹೆಚ್ಚು ಜನರಿದ್ದ ಊರಿನಲ್ಲಿ ಬಿಸಿನೀರಿನ ಕೊಳವೆಗಳ ಸಾಮೂಹಿಕ ತಾಪನ ವ್ಯವಸ್ಥೆಯೂ ನಿಂತುಹೋಗಿತ್ತು. ಮನೆಗಳಲ್ಲಿ ಸೀಮೆಎಣ್ಣೆ ಒಲೆ ಹೊತ್ತಿಸಿ, ಸೌದೆ ಉರಿಸಿ ಜನ ಚಳಿ ಕಳೆದರು. ಕರೆಂಟು ಬಂದ ಗಳಿಗೆಯಲ್ಲಿ ಎಲ್ಲರೂ ಒಮ್ಮೆಗೇ ಹೀಟರು ಹಾಕುವುದರಿಂದ ಹಳೆಯ ಟ್ರಾನ್ಸ್‌ಫಾರ್ಮರುಗಳು ಸುಟ್ಟುಹೋಗುತ್ತಿದ್ದವು. ಆಸ್ಪತ್ರೆ, ಮೆಟ್ರೋ ಮುಂತಾದ ತುರ್ತು ಸೇವೆಗಳ ಲೈನು ಕಡಿತವಾಗುವುದಿಲ್ಲವೆಂದು ತಿಳಿದವರು ಅಲ್ಲಿಂದಲೇ ಕಿಟಕಿಯವರೆಗೆ ತಂತಿ ಎಳೆದುಕೊಂಡರು. ಊರ ಹೊರಗಿನ ಲೈನುಗಳ ತಂತಿಯನ್ನು ಕತ್ತರಿಸಿ ಗುಜರಿಗೆ ಮಾರಿದವರೂ ಇದ್ದರು.

ಇದನ್ನೆಲ್ಲ ‘ಕಳ್ಳತನ’ ಎಂಬ ಒಂದೇ ಪದದಲ್ಲಿ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಮಗುವಿರುವ ಮನೆಯಲ್ಲಿ ಜನವರಿಯ ರಾತ್ರಿ ಕಳೆಯಲು ತಂತಿ ಎಳೆದವನನ್ನೂ ಲೈನು ಕತ್ತರಿಸಿ ಮಾರಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಸರ್ಕಾರವೇ ಸರಿಪಡಿಸಬಹುದಿತ್ತಲ್ಲ, ಮಾರಿದ್ದು ಏಕೆ?

ಸರ್ಕಾರದ ಬಳಿ ಹಣವೂ ಇರಲಿಲ್ಲ, ಬಿಲ್ಲು ವಸೂಲು ಮಾಡುವ ಶಕ್ತಿಯೂ ಇರಲಿಲ್ಲ. ಮಾರಿದ ವಿದ್ಯುತ್ತಿನ ಬೆಲೆಯಲ್ಲಿ ಸಣ್ಣ ಪಾಲು ಮಾತ್ರ ನಗದಾಗಿ ಕೈಸೇರುತ್ತಿತ್ತು. ನಗದು ಬಾರದಿದ್ದರೆ ಇಂಧನವಿಲ್ಲ, ಇಂಧನವಿಲ್ಲದಿದ್ದರೆ ಕರೆಂಟಿಲ್ಲ, ಕರೆಂಟೇ ಬಾರದ ಮೇಲೆ ಬಿಲ್ಲು ಕಟ್ಟುವವರು ಯಾರು? ಈ ಸುಳಿಯಿಂದ ಹೊರಬರಲು ವಿಶ್ವ ಬ್ಯಾಂಕು ಮತ್ತು ಇತರ ಸಾಲದಾತರು ಹೇಳಿದ ದಾರಿ ಆ ಕಾಲದಲ್ಲಿ ಎಲ್ಲೆಡೆ ಒಂದೇ ಆಗಿತ್ತು: ಉತ್ಪಾದನೆ, ಪ್ರಸರಣ, ವಿತರಣೆಗಳನ್ನು ಬೇರ್ಪಡಿಸಿ, ಸ್ವತಂತ್ರ ನಿಯಂತ್ರಣ ಆಯೋಗ ರಚಿಸಿ, ವಿತರಣೆಯನ್ನು ಅನುಭವಿ ಖಾಸಗಿ ಕಂಪನಿಗೆ ಮಾರಿ. ಜಾರ್ಜಿಯಾ 1997ರಲ್ಲಿ ವಿದ್ಯುತ್ ಕಾಯ್ದೆಯನ್ನೂ ನಿಯಂತ್ರಣ ಆಯೋಗವನ್ನೂ ತಂದಿತು. ಮರುವರ್ಷ ಟಿಬಿಲಿಸಿಯ ವಿತರಣಾ ಕಂಪನಿ ‘ತೆಲಾಸಿ’ಯನ್ನು ಮಾರಾಟಕ್ಕಿಟ್ಟಿತು.

ಕೊಂಡವರು ಯಾರು? ಎಷ್ಟಕ್ಕೆ ಕೊಂಡರು?

ಅಮೆರಿಕದ ಎಇಎಸ್ ಕಾರ್ಪೊರೇಷನ್. ರೋಜರ್ ಸಾಂಟ್ ಮತ್ತು ಡೆನಿಸ್ ಬಾಕಿ 1981ರಲ್ಲಿ ಸ್ಥಾಪಿಸಿದ ಈ ಕಂಪನಿ 1990ರ ದಶಕದ ಕೊನೆಗೆ ಜಗತ್ತಿನ ಹಲವು ಖಂಡಗಳಲ್ಲಿ ಸ್ಥಾವರಗಳನ್ನು ಕೊಳ್ಳುತ್ತಾ ಬೆಳೆದಿತ್ತು. ನ್ಯಾಯವಾಗಿ ನಡೆದುಕೊಳ್ಳುವುದು, ಸಮಾಜಕ್ಕೆ ಹೊಣೆಯಾಗಿರುವುದು ಲಾಭಕ್ಕಿಂತ ಕಡಿಮೆಯ ಗುರಿಗಳಲ್ಲ ಎಂದು ಅದು ಬಹಿರಂಗವಾಗಿ ಹೇಳಿಕೊಳ್ಳುತ್ತಿತ್ತು. 1998ರ ಡಿಸೆಂಬರ್‌ನಲ್ಲಿ ತೆಲಾಸಿಯ 75 ಶೇಕಡಾ ಪಾಲನ್ನು ಸುಮಾರು 2.55 ಕೋಟಿ ಡಾಲರಿಗೆ ಕೊಂಡಿತು. ಹಳೆಯ ಸಾಲದ ಹೊಣೆಯೂ ಮುಂದೆ ಬಂಡವಾಳ ಹೂಡುವ ಕರಾರೂ ಜೊತೆಗಿದ್ದವು. ಆಮೇಲೆ, 2000ರಲ್ಲಿ, ಟಿಬಿಲಿಸಿಯ ಸಮೀಪದ ಗರ್ದಬಾನಿ ಉಷ್ಣ ವಿದ್ಯುತ್ ಸ್ಥಾವರದ ಎರಡು ಘಟಕಗಳನ್ನೂ ಕ್ರಾಮಿ ಜಲವಿದ್ಯುತ್ ಕೇಂದ್ರಗಳ ನಿರ್ವಹಣೆಯನ್ನೂ ವಹಿಸಿಕೊಂಡಿತು.

ಕೊಂಡ ಗಳಿಗೆ ಒಳ್ಳೆಯದಿರಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ರಷ್ಯಾದ ರೂಬಲ್ ಮುರಿದುಬಿದ್ದಿತ್ತು. ಮಾರಾಟ ನಡೆದ ಡಿಸೆಂಬರ್‌ನಲ್ಲೇ ಜಾರ್ಜಿಯಾದ ನಾಣ್ಯ ‘ಲಾರಿ’ಯ ಬೆಲೆಯೂ ಕುಸಿಯಿತು. ಇಂಧನದ ಖರ್ಚು, ಸಾಲದ ಬಡ್ಡಿ ಡಾಲರಿನಲ್ಲಿ. ಬಿಲ್ಲಿನ ಹಣ ಲಾರಿಯಲ್ಲಿ.

ಕಂಪನಿ ಮೊದಲು ಮಾಡಿದ್ದೇನು?

ಮೀಟರು ಹಾಕಿದ್ದು. ಹಳೆಯ ಮೀಟರುಗಳು ಮನೆಯ ಒಳಗಿದ್ದವು. ಅವುಗಳನ್ನು ನಿಲ್ಲಿಸುವುದು, ಬದಿಯಿಂದ ತಂತಿ ಹಾಯಿಸುವುದು ನೆರೆಹೊರೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿದ್ಯೆ. ಎಇಎಸ್ ನಗರದ ಲಕ್ಷಾಂತರ ಗ್ರಾಹಕರಿಗೆ ಹೊಸ ಮೀಟರು ಅಳವಡಿಸಿ ಅವುಗಳನ್ನು ಮನೆಯ ಹೊರಗೆ, ಬೀಗ ಹಾಕಿದ ಪೆಟ್ಟಿಗೆಗಳಲ್ಲಿ ಇರಿಸಿತು. ಹಣ ಕಟ್ಟದವರ ಸಂಪರ್ಕ ಕಡಿಯತೊಡಗಿತು. ಹೀಗೆ ಹೇಳಿದರೆ ಸಣ್ಣ ಕೆಲಸವೆನಿಸುತ್ತದೆ. ಆದರೆ ಯಾವ ಮನೆ ಎಷ್ಟು ಯೂನಿಟ್ ಬಳಸಿತು ಎಂಬ ಲೆಕ್ಕ ಆ ಊರಿಗೆ ದೊರೆತದ್ದು ಈ ಮೀಟರುಗಳಿಂದಲೇ. ನೆರೆಯವನ ಪಾಲಿನ ಹಣವನ್ನು ತಾನು ಕಟ್ಟುತ್ತಿಲ್ಲ ಎಂಬ ಭರವಸೆ ಇಲ್ಲದೆ ಯಾರೂ ಮನಸ್ಸಿಟ್ಟು ಬಿಲ್ಲು ಕಟ್ಟುವುದಿಲ್ಲ. ಎಇಎಸ್ ಮಾಡಿದ ಕೆಲಸಗಳಲ್ಲಿ ಬಹುಕಾಲ ಉಳಿದದ್ದು ಇದೇ ಎಂದು ನಾನು ನಂಬುತ್ತೇನೆ.

ಹಾಗಿದ್ದರೆ ಜನ ಅದರ ಮೇಲೆ ಸಿಟ್ಟಾದದ್ದು ಏಕೆ?

ಆ ಕಾಲದಲ್ಲಿ ಜಾರ್ಜಿಯಾದ ವೃದ್ಧಾಪ್ಯ ಪಿಂಚಣಿ ತಿಂಗಳಿಗೆ ಸುಮಾರು 14 ಲಾರಿ ಇತ್ತು, ಅದೂ ತಿಂಗಳುಗಟ್ಟಲೆ ತಡವಾಗಿ ಬರುತ್ತಿತ್ತು. ವಿದ್ಯುತ್ತಿನಿಂದಲೇ ಮನೆ ಬೆಚ್ಚಗಿಡಬೇಕಾದ ಚಳಿಗಾಲದಲ್ಲಿ ಆ ಪಿಂಚಣಿಯಿಂದ ಬಿಲ್ಲು ಕಟ್ಟುವುದು ಆಗದ ಮಾತು. ಬಡ ಕುಟುಂಬಗಳ ಚಳಿಗಾಲದ ಬಿಲ್ಲಿನ ಒಂದು ಭಾಗವನ್ನು ಅಮೆರಿಕ ಸರ್ಕಾರದ ನೆರವಿನ ಯೋಜನೆಯೊಂದು ಭರಿಸಿತು, ಅದು ಹಲವರನ್ನು ಉಳಿಸಿತು ಕೂಡ. ಆದರೆ ನೆರವಿನ ಪಟ್ಟಿಯಲ್ಲಿ ಹೆಸರಿಲ್ಲದ, ಸಂಬಳವೂ ಸರಿಯಾಗಿ ಬಾರದ ಶಿಕ್ಷಕರು, ನೌಕರರು ಬಹಳ ಮಂದಿಯಿದ್ದರು.

ಇನ್ನೊಂದು ಕಾರಣ ಇದಕ್ಕಿಂತಲೂ ಗಂಭೀರವಾದದ್ದು: ಹಣ ಕಟ್ಟಿದವರಿಗೂ ಕರೆಂಟು ಇರಲಿಲ್ಲ. 2000ರ ನವೆಂಬರ್‌ನಲ್ಲಿ ಟಿಬಿಲಿಸಿಯ ಜನ ಕತ್ತಲಿನ ವಿರುದ್ಧ ಬೀದಿಗಿಳಿದಾಗ ಅವರ ಕೈಯಲ್ಲಿ ಕಟ್ಟಿದ ಬಿಲ್ಲೂ ಇತ್ತು, ಕಟ್ಟದ ಬಿಲ್ಲೂ ಇತ್ತು.

ಹಣ ಕಟ್ಟಿದ ಮೇಲೂ ಕರೆಂಟು ಬರಲಿಲ್ಲವೇಕೆ?

ಇಡೀ ವಿಷಯದ ಹೃದಯ ಈ ಪ್ರಶ್ನೆಯಲ್ಲಿದೆ. ಸಾಮಾನ್ಯವಾಗಿ ಸಿಗುವ ಉತ್ತರಗಳು ಇಲ್ಲಿಯೇ ಎಡವುತ್ತವೆ.

ವಿತರಣಾ ಕಂಪನಿಯ ಕೈಯಲ್ಲಿರುವುದು ಊರೊಳಗಿನ ತಂತಿ, ಉಪಕೇಂದ್ರ, ಮೀಟರು ಮತ್ತು ಬಿಲ್ಲು ಮಾತ್ರ. ಸ್ಥಾವರದಿಂದ ಊರಿನ ಅಂಚಿನವರೆಗೆ ವಿದ್ಯುತ್ತನ್ನು ತರುವ ಪ್ರಸರಣ ಜಾಲ, ಯಾವ ಕಡೆಗೆ ಎಷ್ಟು ಬಿಡಬೇಕೆಂದು ನಿರ್ಧರಿಸುವ ನಿಯಂತ್ರಣ ಕೊಠಡಿ, ಹಣದ ಲೆಕ್ಕ ನೋಡಿಕೊಳ್ಳುವ ಸಗಟು ಮಾರುಕಟ್ಟೆ, ಇವೆಲ್ಲ ಸರ್ಕಾರದ ಹಿಡಿತದಲ್ಲೇ ಉಳಿದಿದ್ದವು. ತೆಲಾಸಿ ಹಣ ಕೊಟ್ಟು ಕೊಂಡ ವಿದ್ಯುತ್ತು ದಾರಿಯಲ್ಲೇ ಬೇರೆಡೆ ತಿರುಗುತ್ತಿತ್ತು. ಬಾಕಿ ಬೆಟ್ಟದಷ್ಟಿದ್ದರೂ ಯಾರೂ ಮುಟ್ಟಲಾಗದ ದೊಡ್ಡ ಕಾರ್ಖಾನೆಗಳಿಗೆ, ಪ್ರಭಾವಿಗಳ ಉದ್ಯಮಗಳಿಗೆ, ಒಂದು ಪೈಸೆ ವಸೂಲಾಗದ ಪ್ರದೇಶಗಳಿಗೆ ಅದು ಹರಿಯುತ್ತಿತ್ತು. ಟಿಬಿಲಿಸಿಯ ಮನೆಯೊಂದರಿಂದ ವಸೂಲಾದ ಲಾರಿ ಸ್ಥಾವರಕ್ಕೆ ತಲುಪುವ ಮೊದಲೇ ಸಗಟು ಮಾರುಕಟ್ಟೆಯಲ್ಲಿ ಸೋರಿಹೋಗುತ್ತಿತ್ತು. ಸ್ಥಾವರಕ್ಕೆ ಹಣ ಬಾರದಿದ್ದರೆ ಅನಿಲ ಬರುವುದಿಲ್ಲ, ಅನಿಲವಾದರೋ ರಷ್ಯಾದ ಕಡೆಯಿಂದಲೇ ಬರಬೇಕು.

ನದಿಗಳ ಸ್ವಭಾವವೂ ಇದಕ್ಕೆ ಸೇರಿಕೊಂಡಿತು. ಕಾಕಸಸ್ ಪರ್ವತಗಳ ಹಿಮ ಕರಗುವುದು ವಸಂತ ಮತ್ತು ಬೇಸಿಗೆಯಲ್ಲಿ. ಆಗ ಜಲವಿದ್ಯುತ್ತು ಧಾರಾಳ. ಚಳಿಗಾಲದಲ್ಲಿ ನೀರು ಇಳಿದಿರುತ್ತದೆ, ಬೇಡಿಕೆ ಏರಿರುತ್ತದೆ. ಹೀಗಾಗಿ ಅತಿ ಹೆಚ್ಚು ಕರೆಂಟು ಬೇಕಾದ ತಿಂಗಳುಗಳಲ್ಲಿ ದುಬಾರಿ ಅನಿಲದ ಸ್ಥಾವರವನ್ನೇ ನೆಚ್ಚಿಕೊಳ್ಳಬೇಕಿತ್ತು. ಎಇಎಸ್ ಗರ್ದಬಾನಿಯ ಘಟಕಗಳನ್ನು ಕೊಂಡದ್ದು ಈ ಕಾರಣಕ್ಕೇ. ಆದರೂ ಇಂಧನದ ಕೀಲಿ ಅದರ ಕೈಗೆ ಬರಲಿಲ್ಲ.

ಗ್ರಾಹಕರಿಗೆ ಕಾಣುತ್ತಿದ್ದುದು ಮಾತ್ರ ಒಂದೇ ಮುಖ, ಬಿಲ್ಲು ಕೊಟ್ಟವನದು. ನಿಯಂತ್ರಣ ಕೊಠಡಿಯಲ್ಲಿ ಕುಳಿತವನನ್ನು ಯಾರು ನೋಡಿದ್ದರು?

ಹಾಗಾದರೆ ಕಂಪನಿಯ ತಪ್ಪೇನೂ ಇರಲಿಲ್ಲವೇ?

ಇತ್ತು. ಪಕ್ಕದಲ್ಲೇ ರೂಬಲ್ ಮುರಿದುಬಿದ್ದಿದ್ದಾಗ ಡಾಲರಿನ ಲೆಕ್ಕದಲ್ಲಿ ಅಷ್ಟು ದೊಡ್ಡ ಹೊಣೆ ಹೊತ್ತುಕೊಂಡದ್ದು ಒಂದು. ಪ್ರಸರಣವೂ ಸಗಟು ಮಾರುಕಟ್ಟೆಯೂ ಸುಧಾರಿಸುತ್ತವೆಂಬ ಸರ್ಕಾರದ ಮಾತನ್ನು ನಂಬಿ, ಅದನ್ನು ಕರಾರಿನಲ್ಲಿ ಬಿಗಿಯಾಗಿ ಕಟ್ಟಿಹಾಕದೆ ಮುಂದುವರಿದದ್ದು ಇನ್ನೊಂದು. ಕಟ್ಟಲು ಮನಸ್ಸಿಲ್ಲದವರನ್ನೂ ಕಟ್ಟಲು ಶಕ್ತಿಯೇ ಇಲ್ಲದವರನ್ನೂ ಮೊದಲ ವರ್ಷಗಳಲ್ಲಿ ಸಂಪರ್ಕ ಕಡಿತ ಬೇರೆಬೇರೆಯಾಗಿ ನೋಡಲಿಲ್ಲ. ಅದು ಎಬ್ಬಿಸಿದ ನೋವನ್ನು ಮುಂದೆ ಯಾವ ಪ್ರಚಾರದಿಂದಲೂ ತೊಳೆಯಲಾಗಲಿಲ್ಲ.

ಅದರ ನೌಕರರು ಎದುರಿಸಿದ ಅಪಾಯವನ್ನೂ ಇಲ್ಲಿ ನೆನೆಯಬೇಕು. 2002ರ ಆಗಸ್ಟಿನಲ್ಲಿ ತೆಲಾಸಿಯ ಹಣಕಾಸು ವಿಭಾಗದ ಹಿರಿಯ ಅಧಿಕಾರಿಯೊಬ್ಬರು ಟಿಬಿಲಿಸಿಯಲ್ಲಿ ಕೊಲೆಯಾದರು. ಅವರು ಜಾರ್ಜಿಯಾದವರೇ. ವಿದೇಶಿ ಕಂಪನಿ ಎಂದು ನಾವು ಹೇಳುವಾಗ ಕಂಬ ಹತ್ತುವವರು, ಲೆಕ್ಕ ಬರೆಯುವವರು, ಬೈಗುಳ ಕೇಳುವವರು ಬಹುಪಾಲು ಅದೇ ನೆಲದವರು ಎಂಬುದನ್ನು ಮರೆಯುತ್ತೇವೆ.

ಎಇಎಸ್ ಬಿಟ್ಟುಹೋದದ್ದು ಯಾವಾಗ? ಆಮೇಲೆ ಯಾರ ಕೈಗೆ ಹೋಯಿತು?

2003ರ ಆಗಸ್ಟಿನಲ್ಲಿ. ಅಮೆರಿಕದ ಇಂಧನ ಕಂಪನಿ ಎನ್ರಾನ್ ಕುಸಿದ ಮೇಲೆ ಅಲ್ಲಿನ ಇತರ ಇಂಧನ ಕಂಪನಿಗಳ ಷೇರುಗಳೆಲ್ಲ ನೆಲಕಚ್ಚಿದ್ದವು. ಎಇಎಸ್ ಷೇರು 2002ರ ಹೊತ್ತಿಗೆ ತನ್ನ ಬಹುಪಾಲು ಮೌಲ್ಯವನ್ನು ಕಳೆದುಕೊಂಡಿತ್ತು, ಆ ವರ್ಷವೇ ಡೆನಿಸ್ ಬಾಕಿ ಹುದ್ದೆಯಿಂದ ಇಳಿದರು. ನಷ್ಟದ ಆಸ್ತಿಗಳನ್ನು ಇಟ್ಟುಕೊಳ್ಳುವ ತ್ರಾಣ ಕಂಪನಿಗೆ ಉಳಿದಿರಲಿಲ್ಲ. ಜಾರ್ಜಿಯಾದ ಆಸ್ತಿಗಳನ್ನು ಕೊಂಡದ್ದು ರಷ್ಯಾದ ಸರ್ಕಾರಿ ಒಡೆತನದ ವಿದ್ಯುತ್ ದೈತ್ಯ ರಾವೊ ಯುಇಎಸ್, ಆಗ ಅದರ ಮುಖ್ಯಸ್ಥ ಅನತೋಲಿ ಚುಬೈಸ್. ರಷ್ಯಾದ ಹಿಡಿತದಿಂದ ಹೊರಬರಲು ಬಯಸಿದ್ದ ಜಾರ್ಜಿಯನ್ನರಿಗೆ ಇದು ದೊಡ್ಡ ಆಘಾತವಾಯಿತು, ಬೀದಿಯಲ್ಲಿ ಪ್ರತಿಭಟನೆಗಳೂ ನಡೆದವು. ಮೂರು ತಿಂಗಳು ಕಳೆಯುವಷ್ಟರಲ್ಲಿ, ನವೆಂಬರ್ 23ರಂದು, ಅಧ್ಯಕ್ಷ ಎಡ್ವರ್ಡ್ ಶೆವರ್ಡ್‌ನಾಡ್ಸೆ ರಾಜೀನಾಮೆ ಕೊಟ್ಟರು. ಜನ ಬೀದಿಗಿಳಿದು ಅವರನ್ನು ಇಳಿಸಿದ ಆ ‘ಗುಲಾಬಿ ಕ್ರಾಂತಿ’ಗೆ ನೇರ ಕಾರಣ ಚುನಾವಣೆಯ ಅಕ್ರಮ. ಆದರೆ ಹತ್ತು ಚಳಿಗಾಲಗಳ ಕತ್ತಲು ಆ ಜನಸಂದಣಿಯ ಹಿಂದೆ ಇರಲಿಲ್ಲವೆಂದು ಹೇಳಲು ನನ್ನಿಂದಾಗದು.

ಕೊನೆಗೆ ದಿನವಿಡೀ ಕರೆಂಟು ಬಂದದ್ದು ಹೇಗೆ? ರಷ್ಯಾದ ಕಂಪನಿ ತಂದುಕೊಟ್ಟಿತೇ?

ಒಡೆಯ ಬದಲಾದದ್ದರಿಂದ ಅಲ್ಲ. 2004ರ ನಂತರದ ಸರ್ಕಾರ ಬಾಕಿಯಿದ್ದ ದೊಡ್ಡವರ ಸಂಪರ್ಕವನ್ನು ಕಡಿಯಲು ಹಿಂಜರಿಯಲಿಲ್ಲ, ಸಗಟು ಮಾರುಕಟ್ಟೆಯ ಸೋರಿಕೆಯನ್ನು ಮುಚ್ಚಿತು, ಎಂಗುರಿಯನ್ನು ದುರಸ್ತಿ ಮಾಡಿಸಿತು. ಟಿಬಿಲಿಸಿಯ ಹೊರಗಿನ ವಿತರಣೆಯನ್ನು 2003ರಿಂದ ಅಮೆರಿಕದ ನೆರವಿನ ಹಣದಲ್ಲಿ ಒಂದು ಸಲಹಾ ಸಂಸ್ಥೆ ನಿರ್ವಹಿಸಿತು. ಮನೆಮನೆಗೆ ಮೀಟರಿಲ್ಲದ ಹಳ್ಳಿಗಳಲ್ಲಿ ಇಡೀ ಹಳ್ಳಿಗೆ ಒಂದೇ ಮೀಟರು ಹಾಕಿ, ಒಟ್ಟು ಹಣ ಬಾರದಿದ್ದರೆ ಎಲ್ಲರ ಕರೆಂಟನ್ನೂ ನಿಲ್ಲಿಸುವ ಕ್ರಮ ಜಾರಿಗೆ ಬಂತು. ವಸೂಲಿ ಏರಿತು, ನಿಜ. ಆದರೆ ಕಟ್ಟಿದವನನ್ನೂ ಕಟ್ಟದವನ ಜೊತೆ ಶಿಕ್ಷಿಸುವ ಈ ಕ್ರಮ ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. 2006ರ ಜನವರಿಯಲ್ಲಿ ರಷ್ಯಾದ ಉತ್ತರ ಒಸೆಟಿಯಾದಲ್ಲಿ ಅನಿಲದ ಕೊಳವೆ ಸ್ಫೋಟಗೊಂಡು ಜಾರ್ಜಿಯಾ ಮತ್ತೊಮ್ಮೆ ಚಳಿಯಲ್ಲಿ ನಡುಗಿತು. ಅಲ್ಲಿಂದ ಮುಂದೆ ವ್ಯವಸ್ಥೆ ನೆಲೆಗೊಂಡಿತು: 2007ರಲ್ಲಿ ದೇಶ ವಿದ್ಯುತ್ತನ್ನು ಆಮದಿಗಿಂತ ಹೆಚ್ಚು ರಫ್ತು ಮಾಡಿತು, ಪ್ರಾಂತ್ಯಗಳ ವಿತರಣಾ ಜಾಲವನ್ನು ಚೆಕ್ ಗಣರಾಜ್ಯದ ಎನರ್ಗೋ-ಪ್ರೊ ಕಂಪನಿ ವಹಿಸಿಕೊಂಡಿತು. ಎಇಎಸ್‌ಗೆ ಆಗದ್ದು ಅದರ ನಂತರ ಬಂದವರಿಗೆ ಆದದ್ದು ಸರ್ಕಾರ ತನ್ನ ಪಾಲಿನ ಕೆಲಸವನ್ನು ಮಾಡಿದ ಮೇಲೆ.

ಕಝಾಕ್‌ಸ್ತಾನದಲ್ಲಿ ಏನಾಯಿತು?

ಅಲ್ಲಿ ಮಾರಾಟ ಬೇಗ ಶುರುವಾಯಿತು. ಬೆಲ್ಜಿಯಂನ ಟ್ರಾಕ್ಟೆಬೆಲ್ ಕಂಪನಿ 1996ರಲ್ಲಿ ಆಲ್ಮಾಟಿ ನಗರದ ವಿದ್ಯುತ್ ಮತ್ತು ತಾಪನ ವ್ಯವಸ್ಥೆಯನ್ನು ಕೊಂಡು, ದರದ ವಿಷಯದಲ್ಲಿ ಅಧಿಕಾರಿಗಳೊಡನೆ ಜಗಳವಾಡಿ, 2000ದಲ್ಲಿ ಬಿಟ್ಟುಹೋಯಿತು. ಎಇಎಸ್ ಅದೇ 1996ರಲ್ಲಿ ಎಕಿಬಾಸ್ತುಝ್‌ನ 4,000 ಮೆಗಾವ್ಯಾಟ್ ಸಾಮರ್ಥ್ಯದ ಕಲ್ಲಿದ್ದಲು ಸ್ಥಾವರವನ್ನು ಅತಿ ಕಡಿಮೆ ಬೆಲೆಗೆ ಕೊಂಡಿತು. ಸಾಮರ್ಥ್ಯದ ಸ್ವಲ್ಪ ಭಾಗವಷ್ಟೇ ಓಡುತ್ತಿದ್ದ ಅದನ್ನು 2008ರಲ್ಲಿ ಕಲ್ಲಿದ್ದಲು ಗಣಿಯ ಸಮೇತ ನೂರು ಕೋಟಿ ಡಾಲರಿಗೂ ಹೆಚ್ಚಿನ ಬೆಲೆಗೆ ಕಝಾಕ್‌ಮಿಸ್ ಕಂಪನಿಗೆ ಮಾರಿತು. ಜಾರ್ಜಿಯಾದಲ್ಲಿ ಕೈಸುಟ್ಟುಕೊಂಡ ಕಂಪನಿ ಇಲ್ಲಿ ಬಾಚಿಕೊಂಡಿತು. ಬಡ ಮನೆಗಳಿಂದ ಬಿಲ್ಲು ವಸೂಲು ಮಾಡುವ ವಿತರಣಾ ವ್ಯವಹಾರಕ್ಕೂ ಬೆಳೆಯುತ್ತಿರುವ ಆರ್ಥಿಕತೆಗೆ ಸಗಟಾಗಿ ವಿದ್ಯುತ್ತು ಮಾರುವ ಸ್ಥಾವರಕ್ಕೂ ಎಷ್ಟು ಅಂತರವಿದೆಯೆಂಬುದು ಇದರಿಂದ ತಿಳಿಯುತ್ತದೆ.

ಒಂದೇ ಕಂಪನಿ ಬಹುಕಾಲ ಉಳಿದ ಉದಾಹರಣೆ ಇದೆಯೇ?

ಮಾಲ್ಡೋವಾದಲ್ಲಿ ಇದೆ. ಸ್ಪೇನಿನ ಯೂನಿಯನ್ ಫೆನೋಸಾ 2000ದ ಫೆಬ್ರುವರಿಯಲ್ಲಿ ರಾಜಧಾನಿ ಕಿಶಿನೌ ಸೇರಿದಂತೆ ಐದು ವಿತರಣಾ ಕಂಪನಿಗಳಲ್ಲಿ ಮೂರನ್ನು ಕೊಂಡಿತು. ಉತ್ತರದ ಎರಡು ಸರ್ಕಾರದ ಬಳಿಯೇ ಉಳಿದವು. 2001ರಲ್ಲಿ ಅಧಿಕಾರಕ್ಕೆ ಬಂದ ಕಮ್ಯುನಿಸ್ಟ್ ಪಕ್ಷ ಆ ಮಾರಾಟವನ್ನೇ ಪ್ರಶ್ನಿಸಿತು, ದರದ ಬಗ್ಗೆ ನಿಯಂತ್ರಕರೊಡನೆ ವರ್ಷಗಟ್ಟಲೆ ತಕರಾರು ನಡೆಯಿತು, ಆದರೂ ಕಂಪನಿ 2019ರವರೆಗೆ ಇತ್ತು. ಪಕ್ಕಪಕ್ಕದಲ್ಲೇ ಸರ್ಕಾರಿ ಕಂಪನಿಯೂ ಖಾಸಗಿ ಕಂಪನಿಯೂ ನಡೆದದ್ದರಿಂದ ಜನರಿಗೆ ಹೋಲಿಸಿ ನೋಡುವ ಅವಕಾಶವಿತ್ತು. ಹಾಗಿದ್ದೂ ಮಾಲ್ಡೋವಾ ಬಹುಕಾಲ ತನ್ನ ವಿದ್ಯುತ್ತಿನ ದೊಡ್ಡ ಪಾಲಿಗೆ ತನ್ನಿಂದ ಬೇರ್ಪಟ್ಟ ಟ್ರಾನ್ಸ್‌ನಿಸ್ಟ್ರಿಯಾದ ಕುಚುರ್ಗಾನ್ ಸ್ಥಾವರವನ್ನೇ ನೆಚ್ಚಿತ್ತು, ಅದರ ಒಡೆತನವಿದ್ದದ್ದು 2005ರಿಂದ ರಷ್ಯಾದ ಇಂಟರ್ ರಾವೊ ಕಂಪನಿಯ ಬಳಿ.

ಆರ್ಮೇನಿಯಾದಲ್ಲಿ 2015ರಲ್ಲಿ ಜನ ದಂಗೆಯೆದ್ದದ್ದು ಏಕೆ?

ಅದನ್ನು ದಂಗೆ ಎನ್ನಲಾಗದು. ಶಾಂತವಾಗಿ ರಸ್ತೆಯಲ್ಲಿ ಕುಳಿತ ಪ್ರತಿಭಟನೆ ಅದು. ಆರ್ಮೇನಿಯಾದ ವಿತರಣಾ ಜಾಲ 2002ರಲ್ಲಿ ಮಿಡ್‌ಲ್ಯಾಂಡ್ ರಿಸೋರ್ಸಸ್ ಎಂಬ ಕಂಪನಿಗೆ, ಅದರಿಂದ ಕೆಲವೇ ವರ್ಷಗಳಲ್ಲಿ ಇಂಟರ್ ರಾವೊಗೆ ಹೋಗಿತ್ತು. 2015ರ ಜೂನಿನಲ್ಲಿ ನಿಯಂತ್ರಣ ಆಯೋಗ ಯೂನಿಟ್ಟಿಗೆ ಸುಮಾರು 7 ದ್ರಾಮ್ ದರ ಏರಿಸಲು ಒಪ್ಪಿದಾಗ ರಾಜಧಾನಿ ಯೆರೆವಾನಿನ ಯುವಕರು ಬಾಗ್ರಮ್ಯಾನ್ ರಸ್ತೆಯಲ್ಲಿ ಕುಳಿತರು. ಪೊಲೀಸರು ಜಲಫಿರಂಗಿ ಹಾರಿಸಿದ ಮರುದಿನ ಅವರ ಸಂಖ್ಯೆ ಇನ್ನೂ ಹೆಚ್ಚಿತು. ಏರಿಕೆಯ ಮೊತ್ತಕ್ಕಿಂತ ಅವರನ್ನು ಕೆರಳಿಸಿದ್ದು, ಕಂಪನಿಯ ಆಡಳಿತದ ದುಂದಿನ ಬೆಲೆಯನ್ನು ತಾವು ತೆರಬೇಕಾಗಿದೆ ಎಂಬ ಭಾವನೆ. ಲೆಕ್ಕ ಪರಿಶೋಧನೆ ಮುಗಿಯುವವರೆಗೆ ಏರಿಕೆಯನ್ನು ತಾನೇ ಭರಿಸುವುದಾಗಿ ಸರ್ಕಾರ ಹೇಳಿತು. ಅದೇ ವರ್ಷ ಜಾಲ ತಾಶಿರ್ ಎಂಬ ಉದ್ಯಮ ಸಮೂಹದ ಕೈಗೆ ಹೋಯಿತು. 2025ರಲ್ಲಿ ಅದನ್ನು ಮರಳಿ ಸರ್ಕಾರದ ವಶಕ್ಕೆ ತರಲು ಸಂಸತ್ತು ಕಾನೂನು ಮಾಡಿತು.

ದರ ನಿಗದಿ ಮಾಡುವುದು ಕಂಪನಿಯೇ?

ಅಲ್ಲ. ಈ ಎಲ್ಲ ದೇಶಗಳಲ್ಲೂ ಕಂಪನಿ ಅರ್ಜಿ ಹಾಕುತ್ತದೆ, ದರ ನಿಗದಿ ಮಾಡುವುದು ನಿಯಂತ್ರಕ ಸಂಸ್ಥೆ. ಕರ್ನಾಟಕದಲ್ಲಿ ಎಸ್ಕಾಂಗಳ ಅರ್ಜಿಯ ಮೇಲೆ ಕೆಇಆರ್‌ಸಿ ಆದೇಶ ಹೊರಡಿಸುವಂತೆಯೇ.

ಇದಕ್ಕೂ ಭಾರತಕ್ಕೂ ಏನಾದರೂ ಸಂಬಂಧ ಉಂಟೇ?

ಉಂಟು. ಟಿಬಿಲಿಸಿಯಲ್ಲಿ ಮೀಟರು ಹಾಕುತ್ತಿದ್ದ ದಿನಗಳಲ್ಲೇ, 1999ರಲ್ಲಿ, ಎಇಎಸ್ ಒಡಿಶಾದ ಮಧ್ಯಭಾಗದ ವಿತರಣಾ ಕಂಪನಿ ಸೆಸ್ಕೋದ 51 ಶೇಕಡಾ ಪಾಲನ್ನು ಕೊಂಡಿತ್ತು. ಆ ವರ್ಷದ ಅಕ್ಟೋಬರ್ ಕೊನೆಯ ಮಹಾ ಚಂಡಮಾರುತ ಅಲ್ಲಿನ ಕಂಬ-ತಂತಿಗಳನ್ನು ನೆಲಸಮ ಮಾಡಿತು. ಸಗಟು ವಿದ್ಯುತ್ ಮಾರುವ ಸರ್ಕಾರಿ ಕಂಪನಿ ಗ್ರಿಡ್ಕೋ ಜೊತೆ ಬಾಕಿಯ ಜಗಳ ಬೆಳೆದು 2001ರಲ್ಲಿ ಎಇಎಸ್ ಹೊರನಡೆಯಿತು. ಕಳವು, ವಸೂಲಾಗದ ಬಿಲ್ಲು, ಸಗಟು ಬಾಕಿ: ಎರಡು ಊರುಗಳ ನಡುವೆ ಸಾವಿರಾರು ಮೈಲಿ, ಕಾಯಿಲೆ ಒಂದೇ.

ಬಡವರಿಗೆ ಎಟಕುವ ಬೆಲೆಯಲ್ಲಿ ಖಾಸಗಿಯವರು ವಿದ್ಯುತ್ತು ಕೊಟ್ಟದ್ದು ಎಲ್ಲಾದರೂ ಇದೆಯೇ?

ತಜಿಕಿಸ್ತಾನದ ಪಾಮಿರ್ ಪರ್ವತ ಪ್ರಾಂತ್ಯವನ್ನು ನೋಡಬೇಕು. 2002ರಲ್ಲಿ ಆಗಾ ಖಾನ್ ಅಭಿವೃದ್ಧಿ ನಿಧಿ ಮತ್ತು ವಿಶ್ವ ಬ್ಯಾಂಕ್ ಸಮೂಹದ ಅಂತರರಾಷ್ಟ್ರೀಯ ಹಣಕಾಸು ನಿಗಮ ಸೇರಿ ‘ಪಾಮಿರ್ ಎನರ್ಜಿ’ ಕಂಪನಿಯನ್ನು ಕಟ್ಟಿ, ಅಲ್ಲಿನ ವಿದ್ಯುತ್ ವ್ಯವಸ್ಥೆಯನ್ನು 25 ವರ್ಷಗಳ ಒಪ್ಪಂದದ ಮೇಲೆ ವಹಿಸಿಕೊಂಡವು. ಆಸ್ತಿಯ ಒಡೆತನ ಸರ್ಕಾರದ್ದೇ ಆಗಿ ಉಳಿಯಿತು. ಖೊರೋಗ್ ಪಟ್ಟಣದ ಬಳಿಯ ಪಾಮಿರ್-1 ಜಲವಿದ್ಯುತ್ ಕೇಂದ್ರದ ಸಾಮರ್ಥ್ಯ 14ರಿಂದ 28 ಮೆಗಾವ್ಯಾಟಿಗೆ ಏರಿತು. ಪ್ರತಿ ಮನೆಯ ಮೊದಲ ಕೆಲವು ಯೂನಿಟ್ಟುಗಳಿಗೆ ಕಡಿಮೆ ದರ ಇಟ್ಟು, ಅದರಿಂದಾಗುವ ಕೊರತೆಯನ್ನು ಸ್ವಿಟ್ಜರ್ಲೆಂಡ್ ಸರ್ಕಾರದ ಅನುದಾನ ಮುಂತಾದ ಮೂಲಗಳಿಂದ ತುಂಬುವ ವ್ಯವಸ್ಥೆಯನ್ನು ಒಪ್ಪಂದದ ಜೊತೆಗೇ ಮಾಡಿಕೊಂಡಿದ್ದರು. ಬಡವನ ಪಾಲಿನ ಹಣ ಯಾರು ಕೊಡಬೇಕೆಂಬುದು ಅಲ್ಲಿ ಮೊದಲೇ ತೀರ್ಮಾನವಾಗಿತ್ತು; ಟಿಬಿಲಿಸಿಯಲ್ಲಿ ಅದನ್ನು ಮೀಟರು ಹಾಕಿದ ಮೇಲೆ, ಚಳಿಗಾಲ ಬಂದ ಮೇಲೆ ಹುಡುಕಬೇಕಾಯಿತು. ಪಾಮಿರ್ ಎನರ್ಜಿಯ ಲೈನುಗಳು ಈಗ ಪ್ಯಾಂಜ್ ನದಿಯನ್ನು ದಾಟಿ ಅಫ್ಘಾನಿಸ್ತಾನದ ಬದಖ್ಶಾನಿನ ಹಳ್ಳಿಗಳವರೆಗೂ ಹೋಗಿವೆ.